ಖಲೀತೆಯಿಂದ ಕರಾರಿಗೆ

ಘಟಪ್ರಭೆಯು ಹುಕ್ಕೇರಿಯ ಸೀಮೆಯಲ್ಲಿ ಹಿರಣ್ಯಕೇಶಿಯನ್ನು ಕೂಡಿಸಿಕೊಂಡು, ಧೂಪದಾಳದ ಒಡ್ಡಿನಲ್ಲಿ ಕೊಂಚ ತಡೆದು, ಗೋಕಾವಿಯ ಬಂಡೆಯ ಮೇಲಿಂದ ಧುಮುಕಿ, ಆ ಬಳಿಕ ಮೂಡಲಮುಖವಾಗಿ ಮುಧೋಳದ ಕಡೆಗೆ ಹರಿಯುವದು. ೧೯೪೮ರ ವರೆಗೆ ಈ ಸ್ವಲ್ಪ ದೂರದ ಪ್ರಯಾಣದಲ್ಲಿಯೇ ಆ ನೀರು ಒಂದು ಆಳಿಕೆಯನ್ನು ಬಿಟ್ಟು ಇನ್ನೊಂದು ಆಳಿಕೆಯೊಳಗೆ ಕಾಲಿಡುತ್ತಿದ್ದಿತು. ನೀರಿಗೆ ಅದರ ಪರಿವೆ ಇರಲಿಲ್ಲ. ದಂಡೆಯ ಮೇಲಿನ ಒಕ್ಕಲಿಗನಿಗೆ ಮಾತ್ರ ಇಟ್ಟುಕೊಳ್ಳದೆ ಗತ್ಯಂತರವಿರಲಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳು ಮೂರೂ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯವು. ಮೂಡಲಗಿಯು ಆಗ ಗೋಕಾಕ ತಾಲೂಕಿನೊಳಗಿನ ಊರು. ಅದು ತಾನೇ ತಾಲೂಕಿನ ಸ್ಥಳವಾದದ್ದು ತೀರ ಈಚಿನ ಮಾತು. ಈ ಮೂರು ಊರುಗಳ ಸುತ್ತಲಿನ ನೆಲವು ಮಾತ್ರ ಹಳೆಯ ಕೌದಿಯಂತೆ ನಾನಾ ಬಣ್ಣದ ತುಂಡುಗಳಿಂದ ಹೊಲಿದದ್ದು. ಬಡಗಲಿಗೆ ರಾಯಬಾಗವು ಕೊಲ್ಲಾಪುರದ ಛತ್ರಪತಿಗಳದು. ಮೂಡಲಿಗೆ ಮುಧೋಳ ಮಹಾಲಿಂಗಪುರಗಳು ಘೋರ್ಪಡೆಯವರವು. ಅದರಾಚೆಯ ಜಮಖಂಡಿಯು ಪಟವರ್ಧನರ ಒಂದು ಮನೆತನದ್ದು. ಅದರ ನೆರೆಯ ತೇರದಾಳವು ಪಟವರ್ಧನರದೇ ಇನ್ನೊಂದು ಮನೆತನವಾದ ಸಾಂಗಲಿಯವರದು. ತೆಂಕುಮೂಡಲಿಗೆ ರಾಮದುರ್ಗವು ಭಾವೆಯವರದು. ಬೆಳಗಾವಿಯ ಪೇಟೆಗೆ ಗೋಡೆ ಹಚ್ಚಿಕೊಂಡಂತಿದ್ದ ಶಹಾಪುರವೂ ಸಾಂಗಲಿಯದೇ. ಇವುಗಳ ವಿಸ್ತಾರವನ್ನು ನೋಡಿದರೆ ನಗೆ ಬರುವಂತಿದೆ: ಜಮಖಂಡಿ ೫೨೪ ಚದರ ಮೈಲು, ಮುಧೋಳ ೩೬೮, ರಾಮದುರ್ಗ ೧೬೯. ಮುಧೋಳ ರಾಮದುರ್ಗಗಳೆರಡನ್ನೂ ಕೂಡಿಸಿದರೂ ಒಬ್ಬ ಮಾಮಲೇದಾರನ ಕೈಕೆಳಗಿನ ಗೋಕಾಕ ತಾಲೂಕಿನಷ್ಟು ಆಗುತ್ತಿರಲಿಲ್ಲ. ಆದರೂ ಅವು ರಾಜ್ಯಗಳು. ಅವಕ್ಕೆ ಗಾದಿ, ಕಾರಭಾರಿ, ದಪ್ತರ, ಶಿಕ್ಕೆಗಳಿದ್ದವು. ರಾಜ್ಯವೆಂದ ಮೇಲೆ ಪರರಾಜ್ಯದೊಡನೆ ಪತ್ರವ್ಯವಹಾರವೂ ಇರಲೇಬೇಕು.

ಬೆಳಗಾವಿಯಿಂದ ಮಿರಜಿಗೆ ಹೋಗುವ ಉಗಿಬಂಡಿಯಲ್ಲಿ ಕುಳಿತವನು ಗೋಕಾಕ ರೋಡ, ಘಟಪ್ರಭೆಗಳನ್ನು ದಾಟಿ ರಾಯಬಾಗದ ಸ್ಟೇಶನ್ನಿಗೆ ಬರುವಷ್ಟರಲ್ಲಿ ಇನ್ನೊಬ್ಬರ ಪ್ರಜೆಗಳ ನಡುವೆ ಬಂದಿರುತ್ತಿದ್ದನು. ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಅದೇ ಮಾಯಕ್ಕನ ಭಕ್ತಿ. ಆದರೆ ನ್ಯಾಯ ಕೇಳುವ ಚಾವಡಿ ಬೇರೆ. ಹುಕ್ಕೇರಿಯಲ್ಲಿ ದೊಡ್ಡ ಅಪರಾಧ ಮಾಡಿದವನೊಬ್ಬನು ರಾತ್ರೋರಾತ್ರಿ ಗಡಿ ದಾಟಿ ರಾಯಬಾಗದಲ್ಲಿ ಅವಿತುಕೊಂಡರೆ ಅವನ ಬೆನ್ನುಹತ್ತಿದ ಫೌಜದಾರನು ತನ್ನ ಮನಸ್ಸಿನಂತೆ ಅಲ್ಲಿಗೆ ನುಗ್ಗಿ ಅವನ ಕೈಗೆ ಬೇಡಿ ತೊಡಿಸುವಂತಿರಲಿಲ್ಲ. ಒಬ್ಬ ಸರಕಾರವು ಇನ್ನೊಬ್ಬ ಸರಕಾರಕ್ಕೆ ಬರೆಯಬೇಕು. ನಡುವೆ ಪೊಲಿಟಿಕಲ್ ಅಧಿಕಾರಿಯು ಒಪ್ಪಬೇಕು. ಇಂಥ ಒಪ್ಪಿಸುವ-ಕೊಡುವ ವ್ಯವಹಾರಕ್ಕಾಗಿಯೇ ೧೯೦೩ರಲ್ಲಿ ಒಂದು ಕಾಯಿದೆಯಾಗಿದ್ದಿತು. ಹತ್ತಾರು ಹರಿದಾರಿಯ ಅಂತರದಲ್ಲಿದ್ದ ಎರಡು ಊರುಗಳಿಗೆ ಒಬ್ಬ ಕಳ್ಳನ ಸಲುವಾಗಿ ಲಂಡನ್ನು ಪ್ಯಾರಿಸುಗಳ ನಡುವಿನ ರೀತಿಯ ಸಂಬಂಧವಿದ್ದಿತು. ರಾಜನೀತಿಯೆಂಬುದು ದಿಲ್ಲಿಯ ಮಾತೆಂದು ತಿಳಿದವರು ಈ ಸೀಮೆಯ ಹಿರಿಯರನ್ನು ಕೇಳಿದ್ದರೆ ಅದು ಹಳ್ಳಿಯ ಅಗಸೆಯ ವರೆಗೂ ಬಂದಿದ್ದಿತೆಂದು ಅರಿಯುತ್ತಿದ್ದರು.

ದೊಡ್ಡವರ ಪತ್ರಗಳ ಠೀವಿಯೇ ಬೇರೆ. ವೈಸರಾಯರು ಕೊಲ್ಲಾಪುರದಂಥ ಮಹಾರಾಜರಿಗೆ ಬರೆದದ್ದು ಬರಿಯ ಕಾಗದವಲ್ಲ, ಖಲೀತೆ. ಜರಿಯ ಚೀಲದಲ್ಲಿ ಇಟ್ಟು, ದಾರದಿಂದ ಕಟ್ಟಿ, ಅರಗಿನ ಮೊಹರೊತ್ತಿ ಅದನ್ನು ಕಳಿಸುವದು. ಅದರೊಳಗೆ ಬರೆಯುವವನು ತನ್ನನ್ನು ಮಿತ್ರನೆಂದೇ ಕರೆದುಕೊಳ್ಳುವದು. ಸಣ್ಣ ಸಂಸ್ಥಾನಿಕರಿಗೆ ಕೊಲ್ಲಾಪುರದಲ್ಲಿ ಕುಳಿತ ರೆಸಿಡೆಂಟನ ಕಾಗದವೇ ಸಾಕು. ತೋಪುಗಳ ಎಣಿಕೆಯಲ್ಲಿಯೂ ಹಾಗೆಯೇ: ಕೊಲ್ಲಾಪುರಕ್ಕೆ ೧೯, ಮುಧೋಳಕ್ಕೆ ೯, ರಾಮದುರ್ಗಕ್ಕೆ ಒಂದೂ ಇಲ್ಲ. ಈ ಒಂಬತ್ತು ತೋಪುಗಳ ಮುಧೋಳವಾದರೋ ಪತ್ರಗಳ ಬಲದಿಂದಲೇ ತಲೆಯೆತ್ತಿ ನಿಂತ ಸಂಸ್ಥಾನ. ಬಹಮನಿ ಸುಲ್ತಾನರೂ ಆದಿಲಶಾಹಿಗಳೂ ತಮ್ಮ ಪೂರ್ವಿಕರಿಗೆ ಕೊಟ್ಟರೆಂಬ ಫಾರಸಿ ಫರ್ಮಾನುಗಳನ್ನು ಘೋರ್ಪಡೆಯವರು ಜೋಪಾನಮಾಡಿದ್ದರು. ೧೯೩೦ರ ಸುಮಾರಿಗೆ ಅವುಗಳು ಅಚ್ಚಾಗಲು ಇತಿಹಾಸಜ್ಞರು ಅವುಗಳ ಖರೆತನದ ವಿಷಯವಾಗಿ ವಾದಕ್ಕೆ ನಿಂತರು. ವಾದವು ಏನೇ ಇರಲಿ, ಶತಮಾನಗಳ ಹಿಂದಿನ ಕಾಗದವೊಂದು ರಾಜನೊಬ್ಬನ ಮಾನಕ್ಕೆ ಆಧಾರವಾಗಬಲ್ಲದೆಂಬ ನಂಬುಗೆ ಮಾತ್ರ ಖರೆಯದಾಗಿದ್ದಿತು.

ಆದರೆ ಕಾಗದದ ಆಯುಷ್ಯವನ್ನು ಈ ಸೀಮೆಯು ಮೊದಲಿಗೇ ಕಂಡಿದ್ದಿತು. ಪೇಶವೆಯರ ಮೇಲಿನ ಕೊನೆಯ ಯುದ್ಧದಲ್ಲಿ ಕೊಲ್ಲಾಪುರದವರು ತಮ್ಮ ಪಕ್ಷವನ್ನು ಹಿಡಿದರೆಂದು ಇಂಗ್ಲಿಷರು ಅವರಿಗೆ ಚಿಕ್ಕೋಡಿ ಮನವಳ್ಳಿಗಳನ್ನು ಕೊಟ್ಟರು. ಹತ್ತು ವರ್ಷ ಕಳೆಯುವದರೊಳಗಾಗಿ, ಮಹಾರಾಜರ ನಡತೆ ಸರಿಯಿಲ್ಲವೆಂದು ದಂಡು ಕಳಿಸಿ, ೧೮೨೭ರ ತಹನಾಮೆಯಲ್ಲಿ ಅವನ್ನೇ ಮರಳಿ ಪಡೆದರು. ಹುಕ್ಕೇರಿಯ ನೆರೆಯ ಜನವು ಕೊಟ್ಟದ್ದನ್ನೂ ಕೇಳಲಿಲ್ಲ, ತೆಗೆದುಕೊಂಡದ್ದನ್ನೂ ಕೇಳಲಿಲ್ಲ. ಸಾರೆಯನ್ನು ಯಾರ ಕಚೇರಿಗೆ ತುಂಬಬೇಕೆಂಬುದನ್ನಷ್ಟೇ ಕೇಳಿ ತಿಳಿದುಕೊಂಡಿತು. ಮುಂದೆ ೧೮೬೨ರಲ್ಲಿ ಲಾರ್ಡ ಕ್ಯಾನಿಂಗರು ಹಿಂದುಸ್ತಾನದ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟರು. ರಾಜನಿಷ್ಠೆ ಇರುವ ತನಕ ಮನೆತನಗಳು ಅಳಿಯಲಾರವೆಂಬ ಭರವಸೆಯು ಅವುಗಳಲ್ಲಿದ್ದಿತು. ಆ ಭರವಸೆಯು ೮೫ ವರ್ಷ ಬಾಳಿತು. ೧೯೪೭ರ ಸ್ವಾತಂತ್ರ್ಯ ಕಾಯಿದೆಯ ಏಳನೆಯ ಕಲಮು ಬ್ರಿಟಿಷ್ ಸಿಂಹಾಸನದ ಸಾರ್ವಭೌಮಾಧಿಕಾರವನ್ನೂ ಅದರೊಡನೆ ಹಳೆಯ ತಹನಾಮೆಗಳನ್ನೂ ಒಂದೇ ಏಟಿಗೆ ಅಳಿಸಿಹಾಕಿತು. ಅದೇ ಬೇಸಿಗೆಯಲ್ಲಿ, ಪೊಲಿಟಿಕಲ್ ಖಾತೆಯ ಮುಖ್ಯಸ್ಥರಾದ ಸರ್ ಕಾನ್ರಾಡ ಕಾರ್ಫೀಲ್ಡರು ಸಂಸ್ಥಾನಿಕರ ಖಾಸಗಿ ಬಾಳಿಗೆ ಸಂಬಂಧಿಸಿದ ದಪ್ತರಗಳನ್ನು ಸುಡಿಸಿದರು; ನೆಹರೂ ಅವರು ಅದನ್ನು ಆಕ್ಷೇಪಿಸಿದರು. ರಾಜರ ಒಳ್ಳೆಯ ಕಾಗದಗಳನ್ನು ಕಾಯಿದೆಯು ನುಂಗಿತು, ಕೆಟ್ಟ ಕಾಗದಗಳನ್ನು ಬೆಂಕಿಯು ನುಂಗಿತೆನ್ನಬಹುದು.

೧೯೪೭ನೆಯ ಜುಲೈ ೫ರಂದು ದಿಲ್ಲಿಯಲ್ಲಿ ಸಂಸ್ಥಾನಗಳ ಖಾತೆಯು ಹುಟ್ಟಿತು. ಸರದಾರ ವಲ್ಲಭಭಾಯಿ ಪಟೇಲರು ಅದರ ಮಂತ್ರಿಗಳು, ವಾಪಾಲ ಪಂಗುಣ್ಣಿ ಮೆನನ್ನರು ಕಾರ್ಯದರ್ಶಿಗಳು. ಮೆನನ್ನರು ಯಾವ ದೊಡ್ಡ ಪದವಿಯ ಪರೀಕ್ಷೆಯನ್ನೂ ಕೊಡದೆ, ಸರಕಾರದ ಕಚೇರಿಯಲ್ಲಿ ಕಾರಕೂನಿಕೆಯಿಂದ ಮೇಲೇರಿ ಬಂದವರು. ಮಸೂದೆ ಬರೆಯುವ ಕಲೆಯು ಅವರ ಕೈಯಲ್ಲಿದ್ದಿತು. ಈ ಕಾರ್ಯಕ್ಕೆ ಬೇಕಾಗಿದ್ದುದೂ ಅದೇ. ಸೈನ್ಯ, ಪರರಾಷ್ಟ್ರ ವ್ಯವಹಾರ, ಸಂಪರ್ಕಸಾಧನ ಈ ಮೂರನ್ನು ಮಾತ್ರ ಒಕ್ಕೂಟಕ್ಕೆ ಒಪ್ಪಿಸಿರೆಂದು ಕೇಳುವ ಸೇರ್ಪಡೆಯ ಪತ್ರವು ಒಂದೇ ಮಾದರಿಯಲ್ಲಿ ಸಿದ್ಧವಾಯಿತು. ರಾಜನ ಹೆಸರಿಗೆ ಜಾಗ ಬಿಟ್ಟಿದ್ದಿತು. ಹೈದರಾಬಾದಿನ ನಿಜಾಮರಂಥವರು ಆ ಜಾಗವನ್ನು ತುಂಬಲು ಒಲ್ಲದೆ ಒಂದು ವರ್ಷ ಪತ್ರದ ಮೇಲೆ ಪತ್ರ ಬರೆದರು. ೧೯೪೮ರ ಸಪ್ಟಂಬರದಲ್ಲಿ ಸೈನ್ಯವು ಹೋಗಬೇಕಾಯಿತು. ಘಟಪ್ರಭೆಯ ದಂಡೆಯ ಪುಟ್ಟ ರಾಜರಿಗೆ ಅಷ್ಟು ದೀರ್ಘವಾಗಿ ಬರೆಯುವ ಶಕ್ತಿ ಇರಲಿಲ್ಲ.

ಅವರಲ್ಲಿ ಬೇರೊಂದು ಯೋಚನೆ ಇದ್ದಿತು. ತಮ್ಮ ತುಂಡು ರಾಜ್ಯಗಳು ಒಂದೊಂದಾಗಿ ನಿಲ್ಲಲಾರವೆಂಬುದನ್ನು ದಖ್ಖನಿನ ಸಂಸ್ಥಾನಿಕರು ೧೯೪೬ರಲ್ಲಿಯೇ ಅರಿತು, ಪುಣೆಯಲ್ಲಿ ಗಾಂಧೀಜಿಯವರನ್ನು ಕಂಡು, ಎಲ್ಲವನ್ನೂ ಕೂಡಿಸಿ ಒಂದು ಒಕ್ಕೂಟ ಮಾಡುವ ವಿಚಾರವನ್ನು ಮುಂದಿಟ್ಟಿದ್ದರು. ೧೯೪೭ರಲ್ಲಿ ಔಂಧ, ಭೋರ, ಫಲಟಣ, ಸಾಂಗಲಿ, ಮಿರಜ, ರಾಮದುರ್ಗ ಮೊದಲಾದವರು ಅದಕ್ಕೆ ಒಪ್ಪಂದವನ್ನೂ ಬರೆದುಕೊಂಡರು. ಸಂಯುಕ್ತ ದಖ್ಖನ ಸಂಸ್ಥಾನವೆಂಬ ಹೆಸರೂ ಆಯಿತು. ನಕಾಶೆಯನ್ನು ಬಿಡಿಸಿ ನೋಡಿದವನಿಗೆ ಇದರ ಸ್ಥಿತಿ ತಿಳಿಯುವದು: ಪುಣೆಯ ಹತ್ತಿರ ಒಂದು ತುಂಡು, ಕೃಷ್ಣೆಯ ಮೇಲೆ ಒಂದು, ಮಲಪ್ರಭೆಯ ಮೇಲೆ ಇನ್ನೊಂದು, ನಡುನಡುವೆಯೆಲ್ಲ ಮುಂಬಯಿ ಇಲಾಖೆ. ರಾಮದುರ್ಗದ ರೈತನು ತನ್ನ ರಾಜಧಾನಿಯನ್ನು ಕಾಣಬೇಕಾದರೆ ಪರರಾಜ್ಯವನ್ನು ಹಾಯ್ದು ಹೋಗಬೇಕು! ಇದಕ್ಕೂ ಮಿಗಿಲಾದ ಮಾತೊಂದಿದ್ದಿತು, ಅದನ್ನು ಆಗ ಗಟ್ಟಿಯಾಗಿ ಆಡಿದವರು ವಿರಳ. ಆ ಒಕ್ಕೂಟದ ಬಹುಭಾಗವು ಮರಾಠಿ ನಾಡು. ರಾಮದುರ್ಗ, ತೇರದಾಳ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕನ್ನಡಿಗರು ಅದರಲ್ಲಿ ಚೆಲ್ಲಿದ ಕಾಳಿನಂತೆ ಉಳಿಯುತ್ತಿದ್ದರು.

ಕಾಲವು ರಾಜರಿಗೆ ಅವಕಾಶ ಕೊಡಲಿಲ್ಲ. ೧೯೪೭ರ ಡಿಸೆಂಬರದಲ್ಲಿ ಒರಿಸ್ಸಾ ಛತ್ತೀಸಗಡಗಳ ಸಂಸ್ಥಾನಿಕರು ಸರದಾರರ ಎದುರಿಗೆ ರುಜು ಹಾಕಿ ರಾಜ್ಯಗಳನ್ನು ನೆರೆಯ ಪ್ರಾಂತಗಳಿಗೆ ಒಪ್ಪಿಸಿಬಿಟ್ಟರು. ೧೯೪೮ರ ಜನೇವರಿ ೩೦ರ ಗಾಂಧಿಹತ್ಯೆಯ ತರುವಾಯ ದಖ್ಖನಿನ ಊರೂರುಗಳಲ್ಲಿ ಬೆಂಕಿಯೂ ಲೂಟಿಯೂ ನಡೆದಾಗ, ಸಣ್ಣ ಸಂಸ್ಥಾನದ ಕೈಬೆರಳೆಣಿಕೆಯ ಪೋಲೀಸರಿಂದ ಪ್ರಜೆಯ ಮನೆ ಉಳಿಯುವದಿಲ್ಲವೆಂಬುದು ಎಲ್ಲರ ಕಣ್ಣಿಗೂ ಬಿದ್ದಿತು. ಜಮಖಂಡಿಯ ರಾಜರಾದ ಶಂಕರರಾವ ಪಟವರ್ಧನರು ಹಿಂದೆಮುಂದೆ ನೋಡದೆ ವಿಲೀನಕ್ಕೆ ಸಿದ್ಧರಾದವರಲ್ಲಿ ಅಗ್ರಗಣ್ಯರು. ಫೆಬ್ರುವರಿಯಲ್ಲಿ ಕರಾರುಗಳಿಗೆ ಸಹಿಗಳಾದವು. ಮಾರ್ಚ ೮ರಂದು ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗಲಿ ಮುಂತಾದವುಗಳ ಆಡಳಿತವು ಬಾಳಾಸಾಹೇಬ ಖೇರರು ಮುಖ್ಯಮಂತ್ರಿಗಳಾಗಿದ್ದ ಮುಂಬಯಿ ಸರಕಾರದ ಕೈಗೆ ಬಂದಿತು.

ಆ ಕರಾರಿನ ಒಕ್ಕಣೆಯನ್ನು ಒಮ್ಮೆ ನಿಧಾನವಾಗಿ ನೋಡುವದು ಯೋಗ್ಯ. ಗವರ್ನರ್-ಜನರಲ್ಲರು ಒಂದು ಪಕ್ಷ, ಸಂಸ್ಥಾನದ ರಾಜರು ಇನ್ನೊಂದು ಪಕ್ಷ. ಮೂವತ್ತು ಕೋಟಿಗೂ ಮಿಕ್ಕ ಜನದ ರಾಷ್ಟ್ರವೂ ೧೬೯ ಚದರ ಮೈಲಿನ ರಾಮದುರ್ಗವೂ ಒಂದೇ ಹಾಳೆಯ ಮೇಲೆ ಸರಿಸಮನಾಗಿ ಕುಳಿತಿವೆ. ರಾಜನು ಆಳುವ ಸಮಸ್ತ ಅಧಿಕಾರವನ್ನು ಒಪ್ಪಿಸುವನು. ಪ್ರತಿಯಾಗಿ ತೆರಿಗೆಯಿಲ್ಲದ ರಾಜಧನವು ವರ್ಷಕ್ಕಿಷ್ಟೆಂದು ಅವನಿಗೆ ಸಲ್ಲುವದು. ಖಾಸಗಿ ಆಸ್ತಿಯ ಯಾದಿಯನ್ನು ಕೊಟ್ಟರೆ ಅದು ಅವನದಾಗಿ ಉಳಿಯುವದು. ಬಿರುದುಬಾವಲಿಗಳೂ ಗಾದಿಯ ವಾರಸೂ ನಡೆದುಬಂದಂತೆ ನಡೆಯುವವು. ಸಂಸ್ಥಾನದ ಕಾಯಂ ನೌಕರರ ಅನ್ನಕ್ಕೆ ಕಲ್ಲು ಬೀಳದು. ಕೆಳಗೆ ಒಂದು ಕಡೆಗೆ ರಾಜನ ರುಜು. ಇನ್ನೊಂದು ಕಡೆಗೆ, ಗವರ್ನರ್-ಜನರಲ್ಲರ ಪರವಾಗಿ, ಒಂದು ಕಾಲದ ಕಾರಕೂನರಾದ ಮೆನನ್ನರ ರುಜು. ಗೆದ್ದವನು ಗೆದ್ದೆನೆಂದು ಬರೆಯಲಿಲ್ಲ, ಸೋತವನು ಸೋತೆನೆಂದು ಬರೆಯಲಿಲ್ಲ. ಖಲೀತೆಯ ಜರಿಯ ಚೀಲವು ಹೋದರೂ ಅದರೊಳಗಿನ ಮರ್ಯಾದೆಯನ್ನು ಹೊಸ ಸರಕಾರವು ಕೊನೆಯ ಪತ್ರದ ವರೆಗೂ ಕಾಯ್ದುಕೊಂಡು ಬಂದಿತು. ಇದನ್ನು ಬರಿಯ ನಯಗಾರಿಕೆಯೆಂದು ತಳ್ಳಿಹಾಕುವವರುಂಟು. ಆದರೆ ಮಾನವನ್ನು ಬಿಟ್ಟರೆ ಬೇರೇನೂ ಉಳಿಯದವನಿಂದ ರಾಜ್ಯವನ್ನು ಕೇಳುವಾಗ ಮಾನವನ್ನಾದರೂ ಮುಟ್ಟದೆ ಬಿಡುವದು ಜಾಣತನವಷ್ಟೇ ಅಲ್ಲ, ಸಜ್ಜನಿಕೆಯೂ ಹೌದು. ಈ ಸೀಮೆಯಲ್ಲಿ ಯಾವ ಕೋಟೆಯ ಮೇಲೂ ಗುಂಡು ಹಾರದೆ ರಾಜ್ಯಗಳು ಕರಗಿದ್ದು ಆ ಸಜ್ಜನಿಕೆಯ ಫಲ.

ಇಷ್ಟಾದರೂ ಹಾಳೆಯಲ್ಲಿ ಮೂರನೆಯ ರುಜುವಿಗೆ ಸ್ಥಳವಿರಲಿಲ್ಲ. ರಾಮದುರ್ಗವನ್ನೇ ನೆನೆಯಬೇಕು. ಅಲ್ಲಿ ೧೯೩೯ರ ಏಪ್ರಿಲಿನಲ್ಲಿ ಪ್ರಜಾಸಂಘದ ಚಳುವಳಿಯು ದೊಂಬಿಗೆ ತಿರುಗಿ ಪೋಲೀಸರು ಪ್ರಾಣ ಕಳೆದುಕೊಂಡರು; ವಿಚಾರಣೆಗಳು ನಡೆದು ಪ್ರಜೆಗಳಿಗೆ ಕಠಿಣ ಶಿಕ್ಷೆಗಳಾದವು. ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ ಆ ಹಿಂಸೆಯನ್ನು ಕುರಿತು ಮರುಗಿ ಬರೆದರು. ಆಳುವವರ ತಪ್ಪೆಷ್ಟು, ಆಳಿಸಿಕೊಂಡವರ ತಪ್ಪೆಷ್ಟು ಎಂಬುದು ತೂಗಿ ನೋಡಬೇಕಾದ ಪ್ರಶ್ನೆ. ಆದರೆ ಆ ಕಾಲದ ಇಂಥ ಹಲವು ಕರಾರುಗಳಲ್ಲಿ, ರಾಜನು ತನ್ನ ಆಳಿಕೆಯಲ್ಲಿ ಮಾಡಿದ್ದರ ಬಗ್ಗೆ ವಿಚಾರಣೆಯಿಲ್ಲವೆಂಬ ಅಭಯವೂ ಸೇರಿದ್ದಿತು. ಪ್ರಜೆಗೆ ಅಂಥ ಅಭಯವನ್ನು ಯಾರೂ ಬರೆದುಕೊಡಲಿಲ್ಲ. ಗುಂಡಿಲ್ಲದೆ ರಾಜ್ಯ ಪಡೆದ ಬೆಲೆಯಲ್ಲಿ ಇದೂ ಒಂದು ಭಾಗ. ಲೆಕ್ಕ ಬರೆಯುವವರು ಇದನ್ನು ಬಿಡಬಾರದು.

ಕೊಲ್ಲಾಪುರದ ಮಾತು ಬೇರೆ. ಅದು ೩,೨೧೯ ಚದರ ಮೈಲಿನ, ಹತ್ತು ಲಕ್ಷಕ್ಕೆ ಮಿಕ್ಕ ಜನರ ರಾಜ್ಯ; ಶಿವಾಜಿಯ ವಂಶದ ಹೆಸರು ಅದರ ಬೆನ್ನಿಗಿದ್ದಿತು. ಅದರೊಡನೆ ಮಾತುಕತೆಯು ಇನ್ನೊಂದು ವರ್ಷ ಸಾಗಿ ೧೯೪೯ರ ಮಾರ್ಚ ೧ರಂದು ವಿಲೀನವು ಮುಗಿಯಿತು. ಅಂದಿನಿಂದ ರಾಯಬಾಗವು ಬೆಳಗಾವಿ ಜಿಲ್ಲೆಯದಾಯಿತು. ಹುಕ್ಕೇರಿಯ ಫೌಜದಾರನು ಗಡಿಯಲ್ಲಿ ನಿಂತು ಯಾರ ಒಪ್ಪಿಗೆಯನ್ನೂ ಕಾಯಬೇಕಾದ ಕಾರಣ ಉಳಿಯಲಿಲ್ಲ.

ರಾಜರಿಗೆ ಕೊಟ್ಟ ಮಾತನ್ನು ಸರದಾರರು ಕಾಗದದಲ್ಲಷ್ಟೇ ಬಿಡಲಿಲ್ಲ. ೧೯೪೯ನೆಯ ಅಕ್ಟೋಬರ ೧೨ರಂದು ಘಟನಾಸಮಿತಿಯಲ್ಲಿ ನಿಂತು, ಸಂಸ್ಥಾನಿಕರು ತಮ್ಮ ಪಾಲಿನದನ್ನು ಕೊಟ್ಟಾಗಿದೆ, ರಾಷ್ಟ್ರವು ತನ್ನ ಪಾಲಿನದನ್ನು ಸಲ್ಲಿಸುವದು ನೈತಿಕವಾದ ಋಣವೆಂದು ವಾದಿಸಿ, ರಾಜಧನವನ್ನು ರಾಜ್ಯಘಟನೆಯ ೨೯೧ನೆಯ ಕಲಮಿನಲ್ಲಿ ಸೇರಿಸಿದರು. ೧೯೫೦ರ ಜನೇವರಿ ೨೬ರಂದು ಪ್ರಜಾರಾಜ್ಯವು ಹುಟ್ಟುವಾಗ ರಾಜರ ಋಣಪತ್ರವು ಅದರ ತೊಟ್ಟಿಲಲ್ಲಿಯೇ ಇದ್ದಿತು. ಅದೇ ವರ್ಷದ ಡಿಸೆಂಬರ ೧೫ರಂದು ಸರದಾರರು ತೀರಿಕೊಂಡರು. ಮೆನನ್ನರು ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿ ೧೯೬೫ರಲ್ಲಿ ಕಣ್ಣುಮುಚ್ಚಿದರು. ಬರೆದವರಿಬ್ಬರೂ ಇಲ್ಲವಾದ ಮೇಲೆ, ೧೯೭೦ರ ಸಪ್ಟಂಬರದಲ್ಲಿ ರಾಷ್ಟ್ರಪತಿಗಳ ಆಜ್ಞೆಯಿಂದ ರಾಜರ ಮನ್ನಣೆಯನ್ನು ತೆಗೆದುಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆ ಸಲ್ಲದೆಂದು ತೀರ್ಪಿತ್ತಿತು. ತೀರ್ಪಿನ ದಿನ ಡಿಸೆಂಬರ ೧೫; ಸರದಾರರು ತೀರಿ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ಆದರೂ ಮರುವರ್ಷ ಇಪ್ಪತ್ತಾರನೆಯ ತಿದ್ದುಪಡಿಯು ೨೯೧, ೩೬೨ನೆಯ ಕಲಮುಗಳನ್ನೇ ಕಿತ್ತುಹಾಕಿತು. ಈ ಕರಾರುಗಳ ತಂಟೆಯನ್ನು ನ್ಯಾಯಾಲಯಗಳು ವಿಚಾರಿಸಬಾರದೆನ್ನುವ ೩೬೩ನೆಯ ಕಲಮನ್ನು ಮಾತ್ರ ಉಳಿಸಿಕೊಂಡರು! ಬಡ ರಾಷ್ಟ್ರದಲ್ಲಿ ದುಡಿಯದವನಿಗೆ ತೆರಿಗೆಯಿಲ್ಲದ ಹಣವೇತಕ್ಕೆಂದು ಕೇಳಿದವರ ಪ್ರಶ್ನೆಯಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಆ ಪ್ರಶ್ನೆಯನ್ನು ೧೯೪೮ರಲ್ಲಿ, ರುಜು ಕೇಳುವ ಮೊದಲು ಕೇಳಬೇಕಾಗಿದ್ದಿತು. ರಾಜ್ಯವನ್ನು ಪಡೆಯುವಾಗ ಋಣ, ಪಡೆದ ಮೇಲೆ ಹೊರೆ ಎಂಬ ಎಣಿಕೆಯು ೧೮೨೭ರ ಚಿಕ್ಕೋಡಿ ಮನವಳ್ಳಿಗಳ ಎಣಿಕೆಯಿಂದ ಬಹಳ ದೂರದ್ದಲ್ಲ.

ಇನ್ನು ಕನ್ನಡಿಗನಿಗೆ ಕೊಟ್ಟ ಮಾತು. ಅದು ರಾಜರ ಮಾತಿಗಿಂತ ಹಳೆಯದು. ೧೯೨೦ರ ನಾಗಪುರದ ಅಧಿವೇಶನದಿಂದ ಕಾಂಗ್ರೆಸ್ಸು ಭಾಷೆಗನುಸರಿಸಿ ಪ್ರಾಂತಗಳನ್ನು ಒಪ್ಪಿ ಕರ್ನಾಟಕಕ್ಕೆ ಬೇರೆ ಸಮಿತಿಯನ್ನು ಕೊಟ್ಟಿದ್ದಿತು; ೧೯೨೪ರಲ್ಲಿ ಬೆಳಗಾವಿಯಲ್ಲಿಯೇ ಏಕೀಕರಣ ಪರಿಷತ್ತು ನೆರೆದಿದ್ದಿತು; ೧೯೨೮ರ ನೆಹರೂ ವರದಿಯೂ ಕರ್ನಾಟಕವನ್ನು ಎತ್ತಿಹಿಡಿದಿದ್ದಿತು. ಆದರೆ ಆರುನೂರಕ್ಕೆ ಸಮೀಪದ ಸಂಸ್ಥಾನಗಳ ಸಮಸ್ಯೆಯನ್ನು ಎರಡು ವರ್ಷದಲ್ಲಿ ಬಗೆಹರಿಸಿದ ಸರದಾರರೂ, ನೆಹರೂ, ಪಟ್ಟಾಭಿ ಸೀತಾರಾಮಯ್ಯನವರೂ ಕೂಡಿ ೧೯೪೯ರ ಏಪ್ರಿಲಿನಲ್ಲಿ ಕೊಟ್ಟ ವರದಿಯು ಭಾಷಾಪ್ರಾಂತಗಳನ್ನು ಮುಂದಕ್ಕೆ ಹಾಕಿರೆಂದಿತು. ರಾಜರ ಬಳಿಗೆ ಕರಾರಿನ ಹಾಳೆಯು ವಾರಗಳಲ್ಲಿ ಬಂದಿತು. ಕನ್ನಡಿಗನ ಬಳಿಗೆ ಮೂವತ್ತಾರು ವರ್ಷ ಬರಲಿಲ್ಲ. ಕಿತ್ತುಕೊಳ್ಳಬೇಕಾದುದು ರಾಜನಲ್ಲಿದ್ದಿತು, ಪ್ರಜೆಯಲ್ಲಿರಲಿಲ್ಲವೆಂಬುದೇ ಅದಕ್ಕೆ ಕಾರಣವಿರಬೇಕು.

ಹೀಗಿದ್ದೂ, ೧೯೪೮ರ ಆ ಕರಾರುಗಳು ಬರೆದವರು ನೆನೆಯದ ಕೆಲಸವೊಂದನ್ನು ಕನ್ನಡಕ್ಕೆ ಮಾಡಿಕೊಟ್ಟವು. ದಖ್ಖನದ ಒಕ್ಕೂಟವು ನಿಂತಿದ್ದರೆ ರಾಮದುರ್ಗ ತೇರದಾಳಗಳು ಸಾಂಗಲಿ ಫಲಟಣಗಳ ಬೆನ್ನುಹತ್ತಿ ಎತ್ತ ಹೋಗುತ್ತಿದ್ದವೋ! ಅದು ಕರಗಿ ಮುಂಬಯಿಗೆ ಸೇರಿತು. ಸೇರಿದ ಮೇಲೆ ಒಂದೊಂದು ತುಂಡೂ ತನ್ನ ಹತ್ತಿರದ ಜಿಲ್ಲೆಯನ್ನು ಕೂಡಿತು. ರಾಮದುರ್ಗ, ಶಹಾಪುರ, ರಾಯಬಾಗಗಳು ಬೆಳಗಾವಿಯವಾದವು. ಜಮಖಂಡಿ, ಮುಧೋಳ, ತೇರದಾಳಗಳು ವಿಜಾಪುರದವಾದವು. ಕುಂದಗೋಳ, ಲಕ್ಷ್ಮೇಶ್ವರ, ಶಿರಹಟ್ಟಿಗಳು ಧಾರವಾಡದವಾದವು. ರಾಜರ ಮೊಹರು ಆರುವ ಮುನ್ನವೇ ಕೌದಿಯ ತುಂಡುಗಳು ಅರಿವಿಲ್ಲದೆ ಬಣ್ಣಬಣ್ಣ ಕೂಡಿ ಜೋಡಣೆಯಾಗಿದ್ದವು. ೧೯೫೬ರ ನವಂಬರ ೧ರಂದು ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ಮೈಸೂರ ರಾಜ್ಯವನ್ನು ಸೇರಿದಾಗ ಇವೂ ಜಿಲ್ಲೆಯ ಸೆರಗು ಹಿಡಿದು ಬಂದವು. ಆ ದಿನವೇ ಬೆಳಗಾವಿಯದಾಗಿದ್ದ ಚಂದಗಡವು ಕೊಲ್ಲಾಪುರಕ್ಕೆ ಹೋಯಿತು; ಒಮ್ಮೆ ಕೊಲ್ಲಾಪುರದ್ದಾಗಿದ್ದ ರಾಯಬಾಗವು ಬೆಳಗಾವಿಯಲ್ಲಿಯೇ ನಿಂತಿತು. ಘಟಪ್ರಭೆಯು ಚಂದಗಡದ ಗುಡ್ಡಗಳನ್ನು ಬಿಟ್ಟು ಹುಕ್ಕೇರಿಯ ಸೀಮೆಗೆ ಇಳಿಯುವಾಗ ಅಂದಿನಿಂದ ಹೊಸ ಗಡಿಯೊಂದನ್ನು ದಾಟತೊಡಗಿತು; ಗೋಕಾವಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿ ಅದಕ್ಕೆ ಯಾವ ಗಡಿಯೂ ಉಳಿದಿರಲಿಲ್ಲ.